ಲೈಟ್ ಈರಪ್ಪ ಯಾರ ಕಡೆಯವನು

“ತಲೆ ಆ ಕಡೆ ಇಟ್ಕೊಳೋ. ನನ್ನ ಫ್ರೇಮಿಗೆ ಬರ್ತಾ ಇದೆ,” ಎಂದು ಮುನಿರಾಮಯ್ಯ ಮೊಣಕೈಯಿಂದ ಹನುಮೇಶನ ಭುಜ ತಳ್ಳಿದ.

“ಆತ್ರಿ ಅಣ್ಣಾರ,” ಎಂದು ಹನುಮೇಶ ಸರಿದ. ಸರಿಯಲು ಜಾಗವೇ ಇರಲಿಲ್ಲ. ಕಾಮಾಕ್ಷಿಪಾಳ್ಯದ ಆ ಶೀಟಿನ ಮನೆಯ ಬಾಗಿಲು ಒಬ್ಬ ಮನುಷ್ಯ ನಿಂತರೆ ಮುಗಿಯುವಷ್ಟೇ ಅಗಲ. ಅದರಲ್ಲಿ ಇಬ್ಬರು ವಿಡಿಯೊದವರು. ಒಳಗೆ, ಗೋಡೆಗೆ ಒರಗಿಸಿ ಕೂರಿಸಿದ್ದ ಈರಪ್ಪ. ಹಣೆ ತುಂಬ ವಿಭೂತಿ, ಬಾಯಿ ತೆರೆದುಕೊಳ್ಳದಂತೆ ಗಲ್ಲದಿಂದ ನೆತ್ತಿಗೆ ಕಟ್ಟಿದ ಬಿಳಿ ಬಟ್ಟೆ, ಕೊರಳಲ್ಲಿ ಚೆಂಡುಹೂವಿನ ಹಾರ. ಬೆಂಗಳೂರಿನ ಛತ್ರಗಳಲ್ಲಿ ಊರವರ ಮುಖಕ್ಕೆಲ್ಲ ಲೈಟ್ ಹಿಡಿದ ಮನುಷ್ಯ. ಅವನ ಮನೆಯಲ್ಲಿ ಇದ್ದದ್ದು ನಲವತ್ತು ವ್ಯಾಟಿನ ಒಂದು ಬಲ್ಬು.

ಮುನಿರಾಮಯ್ಯನ ಕ್ಯಾಮೆರಾ ಹೆಗಲ ಮೇಲೆ ಕೂರುವಂಥದ್ದು, ಕ್ಯಾಸೆಟ್ಟಿನದು, ನೆತ್ತಿಯ ಮೇಲೊಂದು ಲ್ಯಾಂಪ್. ಲ್ಯಾಂಪ್ ಹಾಕಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ವ್ಯೂಫೈಂಡರಿಗೆ ಒತ್ತಿ, ಈರಪ್ಪನ ಮುಖವನ್ನು ನಿಧಾನವಾಗಿ ಎರಡು ಸಲ ತೆಗೆದುಕೊಂಡ. ಹನುಮೇಶ ಅಂಗೈಯಲ್ಲಿ ಹಿಡಿಯುವ ತನ್ನ ಎಚ್‌ಡಿ ಕ್ಯಾಮೆರಾ ಎತ್ತಿ, ಅದರ ಪಕ್ಕದ ಪುಟ್ಟ ಪರದೆ ಬಿಡಿಸಿದ್ದೇ ತಡ, ಮುನಿರಾಮಯ್ಯ ಲ್ಯಾಂಪ್ ಆರಿಸಿಬಿಟ್ಟ.

“ಅಣ್ಣಾರ, ಎರಡ ನಿಮಿಷ ಬೆಳಕ ಇರ್ಲಿರಿ. ಕತ್ತಲದಾಗ ನಂದು ಕಾಳಕಾಳ ಬರ್ತೈತಿ.”

“ಬ್ಯಾಟ್ರಿ ಇಲ್ಲ ಕಣೋ.”

ಬ್ಯಾಟರಿ ಇತ್ತು. ಹಿಂದಿನ ದಿನವಷ್ಟೇ ತುಂಬಿಸಿದ್ದು.

ಹನುಮೇಶ ಕತ್ತಲಲ್ಲೇ ಮುಂದೆ ಬಾಗಿ ತೆಗೆಯತೊಡಗಿದ. ಈರಪ್ಪನ ಹೆಂಡತಿ ಬಸವ್ವ ಗಂಡನ ಮೊಣಕಾಲು ಹಿಡಿದುಕೊಂಡು ಹಾಡಿ ಹಾಡಿ ಅಳುತ್ತಿದ್ದಳು.

“ಇದ್ದವ ಇದ್ದಂಗ ಹೋದೆಲ್ಲೋ ನನ್ನ ರಾಜಾ... ಅವತ್ತೊಂದಿನ ಕುಡದು ಬೆಂಕಿ ಹಚ್ಚಿದಿ ಅಂತ ಎರಡ ವರ್ಷ ನಿನಗ ನೆಟ್ಟಗ ಉಣ್ಣಾಕ ನೀಡಲಿಲ್ಲಲ್ಲೋ... ಮಗಳ ಸಮಂದ ಮುರದ ನಿಂತಾಗ ನಿನ್ನ ಮಾರಿಗೆ ಉಗುಳಿದ್ನೆಲ್ಲೋ... ತಿರುಗಿ ಒಂದ ಮಾತ ಅನಲಿಲ್ಲಲ್ಲೋ...”

ಮುನಿರಾಮಯ್ಯ ಕೇಳಿಸಿಕೊಂಡ. ಕೇಳಿಸಿಕೊಂಡವನು ಕ್ಯಾಮೆರಾ ಇಳಿಸಿ ಹೊರಗೆ ಬಂದ.

ಸಾವಿನ ಮನೆಗೆ ಇಬ್ಬರು ವಿಡಿಯೊದವರು ಯಾಕೆಂದರೆ, ಈರಪ್ಪನಿಗೆ ಇದ್ದವಳು ಒಬ್ಬಳೇ ಮಗಳು, ಭುವನೇಶ್ವರಿ. ರೋಣದ ಹತ್ತಿರದ ಹಳ್ಳಿಯಲ್ಲಿ ಗಂಡನ ಮನೆಯಲ್ಲಿದ್ದಳು, ಒಂಬತ್ತು ದಿನದ ಬಾಣಂತಿ. ಹೆರಿಗೆಗೆ ತವರಿಗೆ ಬರಬೇಕಿತ್ತು. ಶೀಟಿನ ಮನೆಯ ಸೆಖೆಯಲ್ಲಿ ಕೂಸು ಬೇಯುತ್ತದೆ ಎಂದು ಈರಪ್ಪನೇ ಬೇಡ ಎಂದಿದ್ದ. ಈಗ ಹಸಿ ಬಾಣಂತಿಯನ್ನು ಹೆಣದ ಮನೆಗೆ ಕಳಿಸುವುದಿಲ್ಲ ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು. ಭುವನೇಶ್ವರಿಯ ಮೈದುನ ಶ್ರೀಶೈಲ ಬೆಂಗಳೂರಿನಲ್ಲೇ ಕೆಲಸಕ್ಕಿದ್ದ. ಸಂಜೆ ನಾಲ್ಕರ ಬಸ್ಸಿಗೆ ಅವನು ಊರಿಗೆ ಹೊರಡುವವನಿದ್ದ. ಅವನ ಕೈಗೆ ವಿಡಿಯೊ ಕೊಟ್ಟು ಕಳಿಸಬೇಕು. ಅಪ್ಪನ ಮುಖವನ್ನು ಮಗಳು ಇನ್ನು ನೋಡುವುದಿದ್ದರೆ ಅದರಲ್ಲೇ.

ಬೆಳಿಗ್ಗೆ ಬಸವ್ವ ಇಬ್ಬರಿಗೂ ಕೈಮುಗಿದು, “ಯಾರರ ಒಬ್ರು ತಗೀರೆಪಾ,” ಎಂದಿದ್ದಳು.

ಯಾರಾದರೂ ಒಬ್ಬರು! ಹದಿನಾಲ್ಕು ವರ್ಷ ಈರಪ್ಪನನ್ನು ಜೊತೆಗಿಟ್ಟುಕೊಂಡವನೂ ಒಂದೇ, ನಿನ್ನೆ ಮೊನ್ನೆ ಬಂದವನೂ ಒಂದೇ? ಮುನಿರಾಮಯ್ಯ ಆಗಲೇ ತೀರ್ಮಾನಿಸಿದ್ದ. ಊರಿಗೆ ಹೋಗುವ ವಿಡಿಯೊ ತನ್ನದೇ ಆಗಬೇಕು. ಈರಪ್ಪ ಯಾರ ಕಡೆಯವನು ಅಂತ ಅವನ ಮಗಳಿಗಾದರೂ ಗೊತ್ತಾಗಬೇಕು.

ಅಂಗಳದಲ್ಲಿ ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟಲು ಬಿದಿರು ಸೀಳುತ್ತಿದ್ದರು. ಯಾರೋ ಹನುಮೇಶನನ್ನು ಕೂಗಿದರು. ಅವನು ಒಳಗಿನಿಂದ ಬಂದು, ಕ್ಯಾಮೆರಾದ ಗುಂಡಿ ಒತ್ತಿ, ಅದನ್ನು ಪಟ್ಟಿಯಿಂದ ಕಿಟಕಿಯ ಸರಳಿಗೆ ತೂಗುಹಾಕಿ ಬಿದಿರು ಹಿಡಿಯಲು ಓಡಿದ. ಮುನಿರಾಮಯ್ಯ ಅದೇ ಗೋಡೆಗೆ ಒರಗಿ ನಿಂತಿದ್ದ. ಅಷ್ಟರಲ್ಲಿ ಪುರುಷೋತ್ತಮ ಬಂದ. ಬಸವೇಶ್ವರನಗರದಲ್ಲಿ ಅವನದು ಮಿಕ್ಸಿಂಗ್ ಅಂಗಡಿ. ಇವರೆಲ್ಲ ತೆಗೆದ ಮದುವೆಗಳಿಗೆ ಹಾಡು, ಹೂವು, ಹೆಸರು ಜೋಡಿಸಿ ಡಿವಿಡಿ ಮಾಡಿಕೊಡುವವನು ಅವನೇ.

“ಎಷ್ಟೊತ್ತಿಗಂತೆ?”

“ಬೆಳಗ್ಗೆ ಐದಕ್ಕೆ. ಎದೆ ನೋವು ಅಂದನಂತೆ. ಆಟೋ ತರೋಷ್ಟರಲ್ಲಿ ಮುಗೀತಂತೆ.”

“ಛೆ. ನಿನ್ನೆ ತಾನೇ ಅಂಗಡಿಗೆ ಬಂದಿದ್ದ ಗುರು, ಹನುಮೇಶನ ಜೊತೆ.”

ಹನುಮೇಶನ ಜೊತೆ. ಸತ್ತ ದಿನವೂ ಆ ಬಾಲ ಅಂಟಿಸದೆ ಈರಪ್ಪನ ಹೆಸರು ಹೇಳುವವರಿಲ್ಲ.

“ಅದೇನ್ ಅಂಥಾ ಕ್ಯಾಮೆರಾ ಅದು? ಸೋಪಿನ ಡಬ್ಬಿ,” ಎಂದ ಮುನಿರಾಮಯ್ಯ.

“ಸುಮ್ನಿರು. ಬೆಳಕಿದ್ರೆ ಅದು ಚಿನ್ನ. ರೇಷ್ಮೆ ಸೀರೆ ಎಳೆ ಎಳೆ ಎಣಿಸ್ಬೋದು. ನಿನ್ನ ಕ್ಯಾಸೆಟ್ಟಲ್ಲಿ ಅಂಚು ಯಾವ್ದು ಸೆರಗು ಯಾವ್ದು ಅಂತ ನಾನು ಊಹೆ ಮಾಡ್ಬೇಕು.”

“ಕತ್ತಲಲ್ಲಿ?”

“ಕತ್ತಲಲ್ಲಿ ರಾಗಿ ಚೆಲ್ಲಿದಂಗೆ, ಒಪ್ಕೊತೀನಿ. ಕಂಪ್ಯೂಟರಿಗೆ ಹಾಕಿದ್ರೆ ಅದಕ್ಕೆ ಏದುಸಿರು ಬರುತ್ತೆ. ಒಂದು ಮುಹೂರ್ತ ಡಿವಿಡಿ ಆಗೋದಕ್ಕೆ ಒಂದಿಡೀ ದಿನ. ಪೌಡರ್ ಬಿರುಕು ಬಿಟ್ಟಿರೋದೂ ಕಾಣುತ್ತೆ. ಮೊನ್ನೆ ಒಬ್ಬಮ್ಮ ಬಂದು, ‘ನನ್ನ ಮಗಳಿಗೆ ಮೀಸೆ ಬರ್ಸಿದೀರಲ್ರೀ’ ಅಂತ ಒಂದೇ ಸಮ ಜಗಳ.” ಪುರುಷೋತ್ತಮ ನಗು ಬಂದದ್ದನ್ನು ಸಾವಿನ ಮನೆ ಎಂದು ನುಂಗಿಕೊಂಡ. “ಗುಂಡಿ ಬೇರೆ ಸಾಸಿವೆ ಕಾಳಷ್ಟು, ಶುರು ಮಾಡೋಕೂ ನಿಲ್ಸೋಕೂ ಅದೊಂದೇ. ಒತ್ತಿದ್ವೋ ಇಲ್ವೋ ಬೆರಳಿಗೆ ಗೊತ್ತಾಗಲ್ಲ.”

ಮುನಿರಾಮಯ್ಯನಿಗೆ ಬೆಳಗಿನಿಂದ ಮೊದಲ ಸಲ ಹಾಯೆನಿಸಿತು.

“ಆದ್ರೂ ಈರಪ್ಪ ಅವನ ಹತ್ರ ಹೋದ ಅಂದ್ರೆ ಏನೋ ಇರ್ಬೇಕಲ್ಲ,” ಪುರುಷೋತ್ತಮ ಬಿಡಲಿಲ್ಲ. “ನೀನೇ ಓಡ್ಸಿದ್ದೆ ಅಂತಾರೆ. ಕುಡಿದು ಲೈಟ್ ಬೀಳಿಸ್ದ ಅಂತಾರೆ. ನಾನಂತೂ ಅವನು ಕುಡಿದಿದ್ದು ನೋಡ್ಲಿಲ್ಲ ಮಾರಾಯ.”

* * *

ಮೂರು ವರ್ಷದ ಹಿಂದೆ, ಮಹಾಲಕ್ಷ್ಮಿ ಲೇಔಟಿನ ಒಂದು ಛತ್ರ. ಆರತಕ್ಷತೆ. ಸಾವಿರ ವ್ಯಾಟಿನ ಹ್ಯಾಲೊಜನ್ ಲೈಟನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ಈರಪ್ಪ ಎಂದಿನಂತೆ ಮುನಿರಾಮಯ್ಯನ ಎಡಕ್ಕೆ ನಿಂತಿದ್ದ.

ಈರಪ್ಪನಿಗೆ ಯಾರೂ ಕಲಿಸದ ಕೆಲವು ಅಭ್ಯಾಸಗಳಿದ್ದವು. ಮುದುಕರು ವೇದಿಕೆ ಹತ್ತಿದರೆ ಲೈಟಿನ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ, ಕಣ್ಣಿನ ಆಪರೇಷನ್ ಆಗಿರುತ್ತದೆ ಎಂದು. ಕೂಸುಗಳಿದ್ದರೆ ಬೆಳಕನ್ನು ಗೋಡೆಗೆ ತಿರುಗಿಸಿ, ಅಲ್ಲಿಂದ ಮರಳಿ ಬೀಳುವಂತೆ ಮಾಡುತ್ತಿದ್ದ. ಯಾರೂ ಮಾತಾಡಿಸದೆ ಮೂಲೆಯಲ್ಲಿ ನಿಂತ ಬಡ ಅತ್ತೆಯ ಮೇಲೆ ತಾನಾಗಿಯೇ ಬೆಳಕು ಹೊರಳಿಸುತ್ತಿದ್ದ. ಮುನಿರಾಮಯ್ಯನ ಕ್ಯಾಮೆರಾ ಬೈದುಕೊಂಡೇ ಆ ಕಡೆ ಹೊರಳುತ್ತಿತ್ತು. ನಿಮ್ಮ ವಿಡಿಯೊದಲ್ಲಿ ಒಬ್ಬರನ್ನೂ ಬಿಟ್ಟಿಲ್ಲ ಎಂದು ಮನೆಯವರು ಹೊಗಳಿದಾಗ ಮುನಿರಾಮಯ್ಯ ತಲೆಯಾಡಿಸುತ್ತಿದ್ದ.

ಆ ರಾತ್ರಿ ಎರಡೂ ಕಡೆಯ ನೆಂಟರು ಒಟ್ಟಿಗೆ ವೇದಿಕೆ ಹತ್ತಿದರು. ಎಲ್ಲರೂ ಫ್ರೇಮಿಗೆ ಬರಲಿ ಎಂದು ಮುನಿರಾಮಯ್ಯ ಹಿಂದೆ ಹಿಂದೆ ಹೆಜ್ಜೆ ಇಟ್ಟ. ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ವ್ಯೂಫೈಂಡರಿನೊಳಗಿತ್ತು. ಕಾಲು ವೈರಿನ ಸುರುಳಿಯಲ್ಲಿ ಸಿಕ್ಕಿಕೊಂಡಿತು. ಅವನು ಜಗ್ಗಿದ. ಈರಪ್ಪನ ಕೈಯಿಂದ ಲೈಟು ಹಾರಿ ಮದುಮಗಳ ಸೆರಗಿನ ಮೇಲೆ ಬಿತ್ತು. ಜರಿಯಿಂದ ಹೊಗೆ ಎದ್ದಿತು. ಈರಪ್ಪ ಕಾದ ಲೈಟನ್ನು ಬರಿಗೈಯಲ್ಲಿ ಹಿಡಿದು ಎತ್ತಿ ಆಚೆ ಎಸೆದ.

“ಯಾವನೋ ಅವನು? ಕುಡ್ಕೊಂಡ್ ಬಂದಿದೀಯೇನೋ ಬೋಳಿಮಗನೆ?” ಎಂದು ಹುಡುಗಿಯ ಅಪ್ಪ ನುಗ್ಗಿ ಬಂದ.

ಈರಪ್ಪ ಮುನಿರಾಮಯ್ಯನ ಕಡೆ ನೋಡಿದ. ಒಂದು ಕ್ಷಣ ಕಾದ.

“ಎಷ್ಟ್ ಸಲ ಹೇಳೋದೋ ನಿಂಗೆ, ಕುಡಿದು ಬರ್ಬೇಡ ಅಂತ!” ಎಂದ ಮುನಿರಾಮಯ್ಯ. “ನಾಳೆಯಿಂದ ಬರ್ಲೇಬೇಡ.”

ಈರಪ್ಪ ಬೊಬ್ಬೆ ಎದ್ದ ಕೈಗಳನ್ನು ಜೋಡಿಸಿ, “ತಪ್ಪಾತ್ರಿ,” ಎಂದ.

ವಾರ ಬಿಟ್ಟು ಬಂದೇ ಬರುತ್ತಾನೆ ಎಂದು ಮುನಿರಾಮಯ್ಯ ಕಾದ. ಬಂದರೆ ಸ್ವಲ್ಪ ಬೈದು ಸೇರಿಸಿಕೊಳ್ಳುವುದು ಎಂದುಕೊಂಡಿದ್ದ. ಈರಪ್ಪ ಬರಲಿಲ್ಲ. ಕುಡುಕ ಎಂಬ ಹೆಸರು ಮಾತ್ರ ಛತ್ರದಿಂದ ಛತ್ರಕ್ಕೆ, ಅಲ್ಲಿಂದ ಬೀಗರಾಗಬೇಕಿದ್ದವರ ಕಿವಿಗೆ ಹೋಯಿತು. ಎರಡು ವರ್ಷ ಅವನು ಗಾರ್ಮೆಂಟ್ಸ್ ಒಂದರ ಗೇಟಿನಲ್ಲಿ ಕೂತಿದ್ದ.

ಆಮೇಲೊಂದು ದಿನ ವಿಜಯನಗರದ ಮದುವೆಯೊಂದಕ್ಕೆ ಮುನಿರಾಮಯ್ಯ ಉಣ್ಣಲು ಹೋಗಿದ್ದ. ಧಾರೆಯ ಮಂಟಪದ ಪಕ್ಕ ಈರಪ್ಪ ನಿಂತಿದ್ದ. ಕೈಯಲ್ಲಿ ಬ್ಯಾಟರಿಯ ಚಿಕ್ಕ ಲೈಟು, ಪಕ್ಕದಲ್ಲಿ ಹನುಮೇಶ. ಈರಪ್ಪ ಅದೇನನ್ನೋ ಬಾಗಿ ನೋಡಿ, ಹಲ್ಲು ಬಿಟ್ಟು ನಕ್ಕ. ಆ ಹಲ್ಲುಗಳನ್ನು ಮುನಿರಾಮಯ್ಯ ಹದಿನಾಲ್ಕು ವರ್ಷದಲ್ಲಿ ನೋಡಿರಲಿಲ್ಲ. ಎಲೆಯ ಮುಂದೆ ಕೂತವನು ಎದ್ದು ಬಂದುಬಿಟ್ಟ.

* * *

“ಕುಡಿದಿರ್ಲಿಲ್ಲ ಅವನು,” ಎಂದ ಮುನಿರಾಮಯ್ಯ. ಕಿಟಕಿಯ ಕೆಳಗೆ ಅವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. “ಲೈಟ್ ಬೀಳಿಸಿದ್ದೂ ಅವನಲ್ಲ. ನನ್ನ ಕಾಲು. ನನ್ನ ಕಾಲೇ ವೈರಿಗೆ ಸಿಕ್ಕಿದ್ದು.”

“ಏನಂದೆ?”

“ಅವನಿಗೆ ಗೊತ್ತಿತ್ತು ಕಣೋ. ಬಾಯಿ ಬಿಟ್ನಾ? ಹೆಂಡ್ತಿ ಹತ್ರನೂ ಬಿಡ್ಲಿಲ್ಲ. ಈಗ ಒಳಗೆ ಕೇಳ್ಬೇಕಿತ್ತು ನೀನು, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮಗಳ ಸಂಬಂಧ ಮುರಿದಾಗ್ಲೂ ಬಾಯಿ ಬಿಡ್ಲಿಲ್ಲ. ಯಾಕೆ ಹೇಳು? ಅವನು ನನ್ನವನು! ಆ ಸೋಪಿನ ಡಬ್ಬಿಯವನಿಗೋಸ್ಕರ ಕೈ ಸುಟ್ಕೊತಿದ್ನಾ? ಹೇಳು, ಸುಟ್ಕೊತಿದ್ನಾ?”

ಪುರುಷೋತ್ತಮ ಅವನನ್ನೇ ನೋಡಿದ. “ಇದನ್ನ ನೀನು ಆಯಮ್ಮಂಗೆ ಹೇಳ್ಬೇಕಿತ್ತಲ್ಲೋ.”

“ಯಾಕೆ ಹೇಳ್ಲಿ? ಹೇಳಿದ್ರೆ ಎದ್ದು ಬರ್ತಾನಾ?”

ಅಂಗಳದಲ್ಲಿ ವಿಮಾನ ಎದ್ದು ನಿಂತಿತು. ಈರಪ್ಪನನ್ನು ತಂದು ಕೂರಿಸಿದರು. ಹನುಮೇಶ ಓಡಿ ಬಂದು ಸರಳಿನಿಂದ ಕ್ಯಾಮೆರಾ ಬಿಡಿಸಿ, ಗುಂಡಿ ಒತ್ತಿ, ಮೆರವಣಿಗೆಯ ಮುಂದೆ ಹಿಂದಡಿ ಇಡುತ್ತ ಹೊರಟ. ಮುನಿರಾಮಯ್ಯ ಹೆಗಲಿಗೆ ಕ್ಯಾಮೆರಾದ ಭಾರ ಏರಿಸಿಕೊಂಡು ಅವನ ಸಮಕ್ಕೆ ನಡೆದ. ಮಾಗಡಿ ರಸ್ತೆಯ ಬಸ್ಸುಗಳು ಹಾರ್ನ್ ಹೊಡೆದು, ವಿಮಾನ ಕಂಡೊಡನೆ ಸುಮ್ಮನಾಗುತ್ತಿದ್ದವು.

ರುದ್ರಭೂಮಿಯ ಗೇಟಿನಲ್ಲಿ ಜನ ನಿಂತು ನಿಂತು ಒಳಗೆ ಹೋಗುವಾಗ ಮುನಿರಾಮಯ್ಯ ಕೇಳಿಯೇಬಿಟ್ಟ.

“ಏನ್ ಆಸೆ ತೋರ್ಸಿ ಕರ್ಕೊಂಡ್ಯೋ ಅವನ್ನ?”

“ಆಸೆ ಏನ್ರಿ ಅಣ್ಣಾರ?” ಹನುಮೇಶನ ಕಣ್ಣು ಕೆಂಪಾಗಿತ್ತು. “ಒಂದಿನ ಲೈಟ್ ಹಿಡಿಯಾಕ ಯಾರೂ ಇದ್ದಿದ್ದಿಲ್ಲ, ಕರದೆ. ಬಾಜು ನಿಂತವ ಈ ಪರದೆ ನೋಡಿದ. ತಾ ಲೈಟ್ ಸರಿಸಿದ್ರ ಇಲ್ಲಿ ಮಾರಿ ಬೆಳಗೋದು ಕಂಡ. ಹಿಂಗ ಸರಸ್ತಾನ, ಹಂಗ ಸರಸ್ತಾನ, ನಗ್ತಾನ. ‘ಹದಿನಾಕ ವರ್ಷ ಬೆಳಕ ಹಿಡದೇನಿ ತಮ್ಮಾ, ಅದು ಹೆಂಗ ಬೀಳತೈತಿ ಅಂತ ಇವತ್ತ ನೋಡಿದೆ’ ಅಂದ. ಮರುದಿನ ಕರೀದನ ಬಂದ.”

“ನಾನೇನ್ ನೋಡ್ಬೇಡ ಅಂದಿದ್ನಾ?”

“ಅದು ನನಗೇನ್ ಗೊತ್ತರಿ.”

ಮುನಿರಾಮಯ್ಯನಿಗೆ ಗೊತ್ತಿತ್ತು. ಈರಪ್ಪ ಎರಡು ಸಲ ಕೇಳಿದ್ದ. ಸಾವ್ಕಾರ್ರ, ಒಂದ ಸಲ ಅದರಾಗ ಹಣಿಕಿ ಹಾಕ್ಲೇನ್ರಿ ಎಂದು. ಬೆವರು ಮುಖ ಇಟ್ಟರೆ ವ್ಯೂಫೈಂಡರಿನ ರಬ್ಬರ್ ಕೊಳೆಯಾಗುತ್ತದೆ ಎಂದು ಮುನಿರಾಮಯ್ಯ ಹೇಳಿದ್ದ. ಮೂರನೆಯ ಸಲ ಅವನು ಕೇಳಲಿಲ್ಲ. ಇಷ್ಟಕ್ಕಾ? ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಿರುವ ಒಂದು ಗಾಜಿಗೆ ಮನುಷ್ಯ ಹೋಗಿಬಿಡುತ್ತಾನಾ? ಕೈ ಸುಟ್ಟುಕೊಂಡೂ ಗೊಣಗದವನು, ಕುಡುಕ ಎಂದಿದ್ದಕ್ಕೂ ತುಟಿ ಎರಡು ಮಾಡದವನು! ಮುನಿರಾಮಯ್ಯ ಹನುಮೇಶನನ್ನು ದಾಟಿ, ಹೂಳಲು ತೋಡಿದ ಗುಂಡಿಯ ಮುಂಬದಿಗೆ ಹೋಗಿ ನಿಂತ. ಒಳ್ಳೆಯ ಜಾಗ ಅದೊಂದೇ ಇತ್ತು.

ಈರಪ್ಪನನ್ನು ಇಳಿಸಿ, ಮಣ್ಣಿನ ಗೂಡಿನೊಳಗೆ ಪದ್ಮಾಸನ ಹಾಕಿ ಕೂರಿಸಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಅಯ್ಯನವರು ಗುಂಡಿಯ ಅಂಚಿನಲ್ಲಿ ಕೂತು, ಮಂತ್ರ ಹೇಳುತ್ತ, ತೊಳೆದ ಬಲಪಾದವನ್ನು ಅವನ ನೆತ್ತಿಯ ಮೇಲಿಡಲು ಸಿದ್ಧರಾದರು. ಪಾದ ಮುಟ್ಟಿದರೆ ಜೀವ ಐಕ್ಯವಾಯಿತು. ಆಮೇಲೆ ಮುಖ ಕಾಣುವುದಿಲ್ಲ, ಮಣ್ಣು. ಮಗಳು ನೋಡಬೇಕಾದದ್ದು ಇದನ್ನೇ.

ಮುನಿರಾಮಯ್ಯ ಕ್ಯಾಸೆಟ್ ಓಡಿಸಿದ. ಓಡಿಸಿ, ಎದುರು ಬದಿಯಿಂದ ಸುತ್ತಿ ಬಂದು ತನ್ನ ಪಕ್ಕದಲ್ಲೇ ನೆಲಕ್ಕೆ ಮಂಡಿಯೂರಿದ್ದ ಹನುಮೇಶನ ಕಡೆ ಕಣ್ಣು ಹಾಯಿಸಿದ. ಬಿಚ್ಚಿದ ಪುಟ್ಟ ಪರದೆಯಲ್ಲಿ ಈರಪ್ಪ ಇದ್ದ. ವಿಭೂತಿಯ ಒಂದೊಂದು ಗೆರೆ, ರೆಪ್ಪೆಯ ಒಂದೊಂದು ಕೂದಲು ಇತ್ತು. ಅಂಗೈಯಲ್ಲಿ ಲಿಂಗದ ಸುತ್ತ ಸುಟ್ಟು ಗಟ್ಟಿಯಾದ ಚರ್ಮದ ಹೊಳಪು ಇತ್ತು. ಇರಬೇಕಾಗಿದ್ದ ಒಂದು ಇರಲಿಲ್ಲ. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಇರಲಿಲ್ಲ. ಅದರ ಜಾಗದಲ್ಲಿ ಹಸಿರು ಅಕ್ಷರ. ಕ್ಯಾಮೆರಾ ನೋಡುತ್ತಿತ್ತು, ತೆಗೆಯುತ್ತಿರಲಿಲ್ಲ.

ಸಾಸಿವೆ ಕಾಳಿನಷ್ಟು ಗುಂಡಿ. ಹನುಮೇಶನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವನಿಗೆ ಮೂಲೆಯ ಹಸಿರು ಕಾಣುವಂತಿರಲಿಲ್ಲ.

ಮುನಿರಾಮಯ್ಯ ಬಾಯಿ ತೆರೆದ. ‘ಲೋ, ಒತ್ತೋ’ ಎಂಬ ಎರಡು ಮಾತು ಸಾಕಿತ್ತು. ಪಾದ ನೆತ್ತಿಯ ಹತ್ತಿರ ಬಂತು. ಮುನಿರಾಮಯ್ಯ ಬಾಯಿ ಮುಚ್ಚಿ, ಕಣ್ಣನ್ನು ವ್ಯೂಫೈಂಡರಿಗೆ ಒತ್ತಿದ. ಪಾದ ಮುಟ್ಟಿತು. ಮೊದಲ ಹಿಡಿ ಮಣ್ಣು ಬಿತ್ತು.

* * *

ಮನೆಗೆ ಬಂದವರು ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಈರಪ್ಪ ಕೂತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿದರು. ಎರಡೂವರೆಯಾಗಿತ್ತು. ಶ್ರೀಶೈಲ ಬ್ಯಾಗು ಹೆಗಲಿಗೆ ಹಾಕಿಕೊಂಡೇ ನಿಂತಿದ್ದ.

“ನಿನ್ನ ಕ್ಯಾಸೆಟ್ ಕೊಡು, ಡಿವಿಡಿ ಮಾಡ್ತೀನಿ. ಆದ್ರೆ ಹೋಗಿ ಬರೋದೆಲ್ಲ ಸೇರಿ ಎರಡು ಗಂಟೆ ಬೇಕು,” ಎಂದ ಪುರುಷೋತ್ತಮ. ಆ ಕಾಲಿನ ಮಾತು ಕೇಳಿದಾಗಿನಿಂದ ಅವನು ಮುನಿರಾಮಯ್ಯನ ಮುಖ ನೋಡಿ ಮಾತಾಡಿರಲಿಲ್ಲ.

“ಬಸ್ ತಪ್ಪತೈತ್ರಿ,” ಎಂದ ಶ್ರೀಶೈಲ.

ಹನುಮೇಶ ಕ್ಯಾಮೆರಾವನ್ನು ಅದರ ಚೀಲ, ವೈರುಗಳ ಸಮೇತ ಮುಂದೆ ಹಿಡಿದ. “ಇದನ್ನ ಒಯ್ರಿ. ಈ ಮೂರ ಬಣ್ಣದ ವೈರ್ ಟೀವಿಗೆ ಸಿಗಸ್ರಿ, ಓಡತೈತಿ. ಎರಡ ದಿನ ಬಿಟ್ಟು ತಗೊಂಬರ್ರಿ.”

“ಕ್ಯಾಮೆರಾನೇ ಕೊಡ್ತೀಯೇನೋ?” ಮುನಿರಾಮಯ್ಯನಿಗೆ ತಡೆಯಲಾಗಲಿಲ್ಲ.

“ಅಕಿ ಅಪ್ಪನ ಮಾರಿ ಅದರಾಗ ಐತೆಲ್ರಿ.”

ಬಸವ್ವ ಹನುಮೇಶನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು. ಮುನಿರಾಮಯ್ಯ ನೋಡುತ್ತ ನಿಂತ. ಎಂಟುನೂರು ಮದುವೆಗೆ ತನ್ನ ಜೊತೆ ಲೈಟ್ ಹಿಡಿದವನ ಹೆಂಡತಿ, ಆ ಎಂಟುನೂರರಲ್ಲಿ ಒಂದನ್ನೂ ನೆನೆಯದೆ, ಈ ನಿನ್ನೆಯ ಹುಡುಗನ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತಾಳೆ. ಇರಲಿ. ಅದರಲ್ಲಿ ಏನಿಲ್ಲ ಎಂಬುದು ಈ ಮನೆಯಲ್ಲಿ ಗೊತ್ತಿರುವುದು ತನ್ನೊಬ್ಬನಿಗೆ.

“ಹಂಗೇ ಕಳಿಸ್ಬೇಡ ಕಣೋ,” ಎಂದ ಮುನಿರಾಮಯ್ಯ, ಆದಷ್ಟು ಮೆತ್ತಗಿನ ದನಿಯಲ್ಲಿ. “ಒಂದ್ಸಲ ಓಡ್ಸಿ ಬಸವ್ವಂಗೆ ತೋರ್ಸು. ಪಾದ ಇಟ್ಟಿದ್ದು ಸರಿಯಾಗಿ ಬಂದಿದ್ಯೋ ಇಲ್ವೋ. ಬಾಣಂತಿ ಮುಂದೆ ಹಾಕಿ ಏನೂ ಬರ್ಲಿಲ್ಲ ಅಂದ್ರೆ?”

ಅದು ಸರಿ ಎನಿಸಿತು ಎಲ್ಲರಿಗೂ. ಹನುಮೇಶ ಪರದೆ ಬಿಚ್ಚಿ ಬಸವ್ವನ ಮುಂದೆ ನೆಲಕ್ಕೆ ಕೂತ. ಹೆಂಗಸರು ಬಾಗಿದರು. ಮುನಿರಾಮಯ್ಯ ಗೋಡೆಗೆ ಬೆನ್ನು ಕೊಟ್ಟು, ಎಲ್ಲರ ತಲೆಯ ಮೇಲಿಂದ ಕಾಣುವ ಹಾಗೆ ನಿಂತ.

ಮೊದಲು ಈರಪ್ಪನ ಮುಖ ಬಂತು. ಕತ್ತಲಲ್ಲಿ, ರಾಗಿ ಚೆಲ್ಲಿದ ಹಾಗೆ. ಆದರೂ ಈರಪ್ಪನೇ. ಬಸವ್ವ ಪರದೆಯನ್ನು ಬೆರಳಿನಿಂದ ಸವರಿದಳು. ಮುಖ ಸರಿಯಿತು, ಬಾಗಿಲು ಬಂತು, ಆಕಾಶ ಗಿರ್ರನೆ ಸುತ್ತಿತು. ಚಿತ್ರ ತೂಗಿ ತೂಗಿ ನಿಂತಿತು. ನೆಲ. ಗೋಡೆಯ ಬುಡ. ಬಿಸಿಲು.

“ಇದನ್ನ ನಾ ಬಂದ್ ಮಾಡಿದ್ನೆಲ್ಲರಿ,” ಎಂದ ಹನುಮೇಶ. ಬೆರಳು ಗುಂಡಿ ಒತ್ತಿ ಚಿತ್ರವನ್ನು ಒಂದಷ್ಟು ಮುಂದಕ್ಕೆ ಹಾರಿಸಿತು. “ಇನ್ನಷ್ಟ ಮುಂದಕ್ಕ ಓಡಸ್ತೀನಿ ತಡೀರಿ.”

“ಬಿಡು, ಓಡ್ಲಿ,” ಎಂದ ಮುನಿರಾಮಯ್ಯ. ಅವನ ತಪ್ಪು ಎಲ್ಲರ ಕಣ್ಣೆದುರು ಇನ್ನೂ ಸ್ವಲ್ಪ ಹೊತ್ತು ಇರಲಿ. “ಏನೇನ್ ತೆಗ್ದಿದೀಯ ನೋಡಣ.”

ಪರದೆಯಲ್ಲಿ ಎರಡು ಜೊತೆ ಕಾಲು. ಒಂದು ಶೂ ಹಾಕಿದ್ದು. ಇನ್ನೊಂದು ಬರಿಗಾಲು, ಎಡ ಹೆಬ್ಬೆರಳಿನ ಉಗುರು ಕಪ್ಪಾದದ್ದು, ಹಿಮ್ಮಡಿ ಸೀಳಿದ್ದು, ಆ ಸೀಳಿನಲ್ಲಿ ಕೂತ ಮಣ್ಣೂ ಕಾಣುವಷ್ಟು ಸ್ಪಷ್ಟ. ಒಬ್ಬ ಹೆಂಗಸು, “ಯಾರ ಕಾಲವ್ವಾ ಇವು?” ಎಂದಳು. ಇನ್ನೊಬ್ಬಳು, “ಸುಮ್ನಿರ, ಮಾತ ಕೇಳತೈತಿ,” ಎಂದಳು.

ಪುರುಷೋತ್ತಮ ಕಣ್ಣು ಮುಚ್ಚಿಕೊಂಡ.

ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಿರುವ ಆ ಗಾಜಿನ ಹಿಂದಿನಿಂದ ದನಿ ಬಂತು, ತೆಳ್ಳಗೆ, ಅಕ್ಷರ ಅಕ್ಷರವಾಗಿ. “...ಕುಡಿದಿರ್ಲಿಲ್ಲ ಅವನು. ಲೈಟ್ ಬೀಳಿಸಿದ್ದೂ ಅವನಲ್ಲ. ನನ್ನ ಕಾಲು. ನನ್ನ ಕಾಲೇ ವೈರಿಗೆ ಸಿಕ್ಕಿದ್ದು...”

ದನಿ ಇನ್ನೂ ಮುಂದುವರಿಯುತ್ತಿತ್ತು. ಬಸವ್ವ ಪರದೆಯಿಂದ ತಲೆ ಎತ್ತಿದಳು. ಅವಳು ಮುನಿರಾಮಯ್ಯನ ಮುಖ ನೋಡಲಿಲ್ಲ. ಅವಳ ಹಿಂದೆಯೇ ಒಂದೊಂದಾಗಿ ಉಳಿದ ತಲೆಗಳೂ ಹೊರಳಿದವು. ಯಾರೂ ಅವನ ಮುಖ ನೋಡಲಿಲ್ಲ. ಎಲ್ಲರೂ ಅವನ ಕಾಲು ನೋಡಿದರು.

ಅವನು ಗೋಡೆಗುಂಟ ಬಾಗಿಲ ಕಡೆ ಸರಿದ. ತೊಳೆದ ಕಾಲು ಇನ್ನೂ ಆರಿರಲಿಲ್ಲ. ಅವನು ನಿಂತಿದ್ದ ಜಾಗದಲ್ಲಿ, ದೀಪದ ಬೆಳಕಿಗೆ ಹೊಳೆಯುತ್ತ, ಸಿಮೆಂಟಿನ ಮೇಲೆ ಎರಡು ಹೆಜ್ಜೆಗಳು ಹಾಗೇ ಉಳಿದಿದ್ದವು.